ಮೊದಲ ಹಿಮಕ್ಕೆ ಮುನ್ನ: ಚಳಿಪ್ರದೇಶದ ಮನೆಗಳ ಗಟರ್ ಮತ್ತು ಇಳಿಪೈಪುಗಳ ಆರೈಕೆ

ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಚಳಿಪ್ರದೇಶದಲ್ಲಿ ಗಟರ್ (ಚಾವಣಿಯ ಮಳೆನೀರು ಹಿಡಿಯುವ ದೋಣಿ) ಬಾಗುವುದು, ಕೀಲು ಬಿಡುವುದು, ಪೈಪು ಸೀಳುವುದು, ಇವೆಲ್ಲದರ ಹಿಂದೆ ಹೆಚ್ಚಾಗಿ ಇರುವುದು ಈ ಒಂದು ಸಂಗತಿ. ಹರಿದುಹೋಗುವ ನೀರಿನಿಂದ ತೊಂದರೆಯಿಲ್ಲ, ನಿಂತ ನೀರಿನಿಂದ ಇದೆ. ಹಾಗಾಗಿ ಸೂರಿನ ಅಂಚಿನ ಗಟರ್‌ನಲ್ಲಾಗಲಿ, ಅದರಿಂದ ನೀರನ್ನು ನೆಲಕ್ಕಿಳಿಸುವ ಪೈಪಿನಲ್ಲಾಗಲಿ, ಮೊದಲ ಗಟ್ಟಿ ಚಳಿ ಬೀಳುವ ಹೊತ್ತಿಗೆ ಎಲ್ಲಿಯೂ ನೀರು ನಿಂತಿರದಂತೆ ನೋಡಿಕೊಂಡರೆ ಕೆಲಸದ ಮುಕ್ಕಾಲು ಪಾಲು ಮುಗಿದಂತೆ. ಉಳಿದ ಕಾಲು ಪಾಲು ಇರುವುದು ಗಟರ್‌ನಲ್ಲಲ್ಲ, ಅಟ್ಟದಲ್ಲಿ. ಅದರ ವಿಚಾರ ಮುಂದೆ ಬರುತ್ತದೆ.

ಮೊದಲು ಎಷ್ಟು ನೀರಿನ ಮಾತಾಡುತ್ತಿದ್ದೇವೆ ಎಂಬುದು ಗೊತ್ತಿರಲಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ 2,500 ಲೀಟರ್. ಇಷ್ಟೂ ನೀರು ಗೋಡೆಯ ಬುಡಕ್ಕೆ ಸುರಿಯದಂತೆ ತಡೆಯುವುದಕ್ಕೆಂದೇ ಗಟರ್ ಇರುವುದು. ಇನ್ನು ತೂಕದ ಲೆಕ್ಕ: ಐದು ಅಂಗುಲ ಅಗಲದ ಸಾಮಾನ್ಯ ಗಟರ್ ಅಂಚಿನವರೆಗೆ ಮಂಜುಗಡ್ಡೆಯಾದರೆ ಮೀಟರಿಗೆ ಹೆಚ್ಚುಕಡಿಮೆ 8–9 ಕಿಲೋ. ಹತ್ತು ಮೀಟರ್ ಉದ್ದಕ್ಕೆ ಒಬ್ಬ ದಢೂತಿ ಮನುಷ್ಯ ಇಡೀ ಚಳಿಗಾಲ ಅಲ್ಲಿ ಜೋತುಬಿದ್ದಷ್ಟು ಭಾರ.

ಯಾವಾಗ ಮಾಡಬೇಕು

ಎಲೆಗಳು ಪೂರ್ತಿ ಉದುರಿದ ಮೇಲೆ, ರಾತ್ರಿಯ ತಾಪಮಾನ ಸೊನ್ನೆಗಿಂತ ಕೆಳಗಿಳಿಯುವ ಮೊದಲು. ಈ ಎರಡರ ನಡುವಿನ ಅವಧಿ ಕೆಲವೊಮ್ಮೆ ಎರಡು ವಾರವೂ ಇರುವುದಿಲ್ಲ. ಅರ್ಧ ಎಲೆ ಉದುರಿದಾಗಲೇ ಒಮ್ಮೆ ಶುಚಿಮಾಡಿ ಕೈತೊಳೆದುಕೊಳ್ಳುವವರು ಬಹಳ ಜನ. ಉಳಿದರ್ಧ ಎಲೆ ಆಮೇಲೆ ಬಿದ್ದು ಇಳಿಪೈಪಿನ ಬಾಯಿಯನ್ನು ಮುಚ್ಚಲು ಧಾರಾಳ ಸಾಕು. ಎರಡು ಸಲ ಮಾಡುವ ವ್ಯವಧಾನ ಇಲ್ಲದಿದ್ದರೆ, ಒಂದೇ ಸಲ ತಡವಾಗಿ ಮಾಡುವುದು ಮೇಲು. ಪಕ್ಕದಲ್ಲಿ ಪೈನ್‌ನಂಥ ಸೂಜಿಎಲೆಯ ಮರಗಳಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅವು ವರ್ಷವಿಡೀ ಸೂಜಿ ಉದುರಿಸುತ್ತವೆ, ಆ ಸೂಜಿಗಳು ಹೆಣೆದುಕೊಂಡು ಚಾಪೆಯಾಗುತ್ತವೆ. ಅಂಥಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಇಣುಕಿ ನೋಡಲೇಬೇಕು.

ಕೀಲುಗಳ ಸಂದು ಮುಚ್ಚಲು ಹಚ್ಚುವ ಅಂಟು, ಅಂದರೆ ಸೀಲಂಟ್ ಕೂಡ ಈ ವೇಳಾಪಟ್ಟಿಯನ್ನು ಬಿಗಿಯಾಗಿಸುತ್ತದೆ. ಹೆಚ್ಚಿನ ಸೀಲಂಟ್‌ಗಳು ಒಣ ಮೇಲ್ಮೈಯನ್ನೂ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪವನ್ನೂ ಕೇಳುತ್ತವೆ. ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ. ಚಳಿಯಲ್ಲಿ ಹಚ್ಚಿದ ಸೀಲಂಟ್ ಹಿಡಿದಂತೆ ಕಂಡರೂ ವಸಂತದ ಹೊತ್ತಿಗೆ ಸಿಪ್ಪೆಯಂತೆ ಎದ್ದು ಬರುತ್ತದೆ.

ಏಣಿಯ ವಿಚಾರದಲ್ಲಿ ರಾಜಿ ಬೇಡ

ಗಟರ್ ಕೆಲಸದಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ. ಏಣಿಯನ್ನು ನಾಲ್ಕಕ್ಕೆ ಒಂದರ ಅನುಪಾತದಲ್ಲಿ ನಿಲ್ಲಿಸಿ: ತಾಗುವ ಜಾಗ 6 ಮೀಟರ್ ಎತ್ತರದಲ್ಲಿದ್ದರೆ ಏಣಿಯ ಕಾಲು ಗೋಡೆಯಿಂದ 1.5 ಮೀಟರ್ ದೂರದಲ್ಲಿರಬೇಕು. ಏಣಿಯನ್ನು ಗಟರ್‌ಗೇ ಒರಗಿಸಬೇಡಿ. ತೆಳು ಅಲ್ಯೂಮಿನಿಯಂ ಬಾಗುತ್ತದೆ, ಏಣಿ ಪಕ್ಕಕ್ಕೆ ಜಾರುತ್ತದೆ. ಏಣಿಯ ತಲೆಗೆ ಜೋಡಿಸುವ ಅಗಲದ ಚಾಚುಗೈ ಸಿಗುತ್ತದೆ, ಅದನ್ನು ಗೋಡೆಗೆ ಆನಿಸಿದರೆ ಗಟರ್‌ನ ಮುಂದೆ ಕೆಲಸಕ್ಕೆ ಜಾಗವೂ ದೊರೆಯುತ್ತದೆ. ಮೆಟ್ಟಿಲ ಮೇಲೆ ಎರಡು ಕಾಲು ಒಂದು ಕೈ, ಅಥವಾ ಎರಡು ಕೈ ಒಂದು ಕಾಲು ಯಾವಾಗಲೂ ಊರಿರಲಿ. ಕೈಗೆ ನಿಲುಕದ ಕಡೆಗೆ ಬಾಗುವ ಬದಲು ಇಳಿದು ಏಣಿಯನ್ನೇ ಸರಿಸಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಲೋಹದ ಏಣಿ ಬೇಡವೇ ಬೇಡ, ಕನಿಷ್ಠ 3 ಮೀಟರ್ ಅಂತರವೂ ಇರಲಿ.

ನೆಲ ಹೆಪ್ಪುಗಟ್ಟಿದ ಮೇಲೆ ಏಣಿ ಹತ್ತುವ ಪ್ರಶ್ನೆಯೇ ಇಲ್ಲ. ಎರಡಂತಸ್ತಿನ ಮನೆ, ಕಡಿದಾದ ಚಾವಣಿ ಇದ್ದವರು ಈ ಕೆಲಸಕ್ಕೆ ಪಳಗಿದವರನ್ನು ಕರೆಯುವುದು ಜಿಪುಣತನ ತೋರಬಾರದ ಖರ್ಚು.

ಕಸ ತೆಗೆಯುವುದು

ಇಳಿಪೈಪಿನ ಬಾಯಿಯ ಕಡೆಯಿಂದ ಶುರುಮಾಡಿ, ಅದರಿಂದ ದೂರಕ್ಕೆ ಸಾಗಿ. ತಿರುವುಮುರುವು ಮಾಡಿದರೆ ಕಸವನ್ನೆಲ್ಲ ನೀವೇ ಪೈಪಿನೊಳಗೆ ತಳ್ಳಿದಂತಾಗುತ್ತದೆ. ದಪ್ಪ ಕೈಗವಸು ಹಾಕಿಕೊಳ್ಳಿ, ಏಕೆಂದರೆ ಗಟರ್‌ನ ಅಂಚು ಮತ್ತು ಒಳಗೆ ಚಾಚಿದ ತಿರುಪುಮೊಳೆಗಳು ಚರ್ಮವನ್ನು ಸುಲಭವಾಗಿ ಸೀಳುತ್ತವೆ. ಕೊಳೆತ ಎಲೆಯ ಕೆಸರನ್ನು ಪ್ಲಾಸ್ಟಿಕ್ ಕರಣೆಯಿಂದ ಬಾಚಿ ಬಕೆಟ್ಟಿಗೆ ಹಾಕಿ. ಲೋಹದ ಕರಣೆ ಬಣ್ಣವನ್ನೂ ಹಳೆಯ ಸೀಲಂಟನ್ನೂ ಕೆರೆದುಹಾಕುತ್ತದೆ. ಚಾವಣಿಗೆ ಹೆಂಚಿನಂತೆ ಹೊದಿಸುವ ಡಾಂಬರು ಬಿಲ್ಲೆಗಳಾದ ಶಿಂಗಲ್ಸ್‌ನಿಂದ ಉದುರಿದ ಕಪ್ಪು ಹರಳುಗಳು ತಳದಲ್ಲಿ ಮರಳಿನಂತೆ ಕೂತಿದ್ದರೆ ಅದನ್ನು ಕಸವೆಂದಷ್ಟೇ ನೋಡಬೇಡಿ. ಹೊಸ ಚಾವಣಿಯಲ್ಲಿ ಮೊದಲ ವರ್ಷ ಸ್ವಲ್ಪ ಉದುರುವುದು ಸಹಜ. ಹಳೆಯ ಚಾವಣಿಯಿಂದ ಬೊಗಸೆಗಟ್ಟಲೆ ಬಂದರೆ ಶಿಂಗಲ್ಸ್ ಸವೆದಿವೆ ಎಂದೇ ಅರ್ಥ.

ನೀರು ಬಿಟ್ಟು ನೋಡುವುದು

ಕಸ ತೆಗೆದ ಮಾತ್ರಕ್ಕೆ ಗಟರ್ ಸರಿಯಾಯಿತು ಎಂದಲ್ಲ. ತೋಟದ ಪೈಪಿನಿಂದ ದೂರದ ತುದಿಯಲ್ಲಿ ನೀರು ಬಿಟ್ಟು, ಅದು ಹೇಗೆ ಸಾಗುತ್ತದೆ ಎಂದು ನೋಡಿ. ನಿಲ್ಲಿಸಿದ ಕೆಲವು ನಿಮಿಷಗಳ ನಂತರವೂ ಎಲ್ಲಾದರೂ ಕೊಚ್ಚೆಯಂತೆ ನೀರು ಉಳಿದಿದ್ದರೆ, ಚಳಿಗಾಲದ ಮೊದಲ ಮಂಜುಗಡ್ಡೆ ಅಲ್ಲೇ ಹುಟ್ಟುತ್ತದೆ. ಸೀಮೆಸುಣ್ಣದಿಂದ ಆ ಜಾಗವನ್ನು ಗುರುತು ಹಾಕಿಕೊಳ್ಳಿ.

ಗಟರ್‌ಗೆ ಇರಬೇಕಾದ ಇಳಿಜಾರು ಪ್ರತಿ 3 ಮೀಟರಿಗೆ ಸುಮಾರು 6 ಮಿ.ಮೀ., ಎಂದರೆ ಹತ್ತು ಅಡಿಗೆ ಕಾಲು ಅಂಗುಲ. ಕೆಳಗಿನಿಂದ ನೋಡಿದರೆ ಕಣ್ಣಿಗೆ ಕಾಣದಷ್ಟು ಕಡಿಮೆ. 12 ಮೀಟರಿಗಿಂತ ಉದ್ದದ ಗಟರ್ ಆದರೆ ನಡುವೆ ಎತ್ತರವಿಟ್ಟು ಎರಡೂ ತುದಿಗೆ ಇಳಿಜಾರು ಕೊಟ್ಟು, ಎರಡೂ ಕಡೆ ಇಳಿಪೈಪು ಇರುವುದು ಒಳ್ಳೆಯದು. ಜೋತುಬಿದ್ದ ಜಾಗದಲ್ಲಿ ಸಾಮಾನ್ಯವಾಗಿ ಕೊಕ್ಕೆಯೊಂದು ಸಡಿಲಾಗಿರುತ್ತದೆ. ಹಳೆಯ ಮನೆಗಳಲ್ಲಿ ಗಟರ್‌ನ ಮುಂಭಾಗದಿಂದ ಹಾಯಿಸಿ ಹೊಡೆದ ಉದ್ದನೆಯ ಮೊಳೆಗಳೇ ಆಧಾರ. ಮಂಜುಗಡ್ಡೆಯ ಭಾರಕ್ಕೆ ಅವು ವರ್ಷಕ್ಕಿಷ್ಟು ಹೊರಬರುತ್ತವೆ, ಸುತ್ತಿಗೆಯಿಂದ ಮತ್ತೆ ಹೊಡೆದರೆ ಅದೇ ಸವೆದ ರಂಧ್ರಕ್ಕೆ ಹೋಗುತ್ತವೆ, ಮರುವರ್ಷ ಮತ್ತೆ ಹೊರಬರುತ್ತವೆ. ಈ ಆಟವನ್ನು ನಿಲ್ಲಿಸಿ, ತಿರುಪಿನಿಂದ ಬಿಗಿಯುವ ಒಳಕೊಕ್ಕೆಗಳನ್ನು ಪಕ್ಕದಲ್ಲಿ ಹೊಸ ಜಾಗ ನೋಡಿ ಹಾಕಿ. ಹಿಮವಿಲ್ಲದ ಕಡೆ 60 ಸೆಂ.ಮೀ.ಗೆ ಒಂದು ಕೊಕ್ಕೆ ಸಾಕಾಗಬಹುದು. ಹಿಮ ಬೀಳುವ ಕಡೆ 40 ಸೆಂ.ಮೀ.ಗೊಂದು, ಭಾರೀ ಹಿಮವಿದ್ದರೆ 30 ಸೆಂ.ಮೀ.ಗೊಂದು ಬೇಕು.

ಕೊಕ್ಕೆ ಹಿಡಿಯುತ್ತಿಲ್ಲವೆಂದರೆ ಹಿಂದಿನ ಹಲಗೆಯನ್ನು ಅನುಮಾನಿಸಿ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋದರೆ ಹಲಗೆ ಕೊಳೆತಿದೆ. ಕೊಳೆತ ಹಲಗೆಗೆ ಎಷ್ಟು ಒಳ್ಳೆಯ ಕೊಕ್ಕೆ ಹಾಕಿದರೂ ಪ್ರಯೋಜನವಿಲ್ಲ. ನೀರು ಗಟರ್‌ನ ಒಳಗೆ ಬೀಳುವ ಬದಲು ಅದರ ಬೆನ್ನಹಿಂದೆ ಇಳಿಯುತ್ತಿದ್ದುದೇ ಹೆಚ್ಚಾಗಿ ಇದಕ್ಕೆ ಕಾರಣ. ಚಾವಣಿಯ ಅಂಚಿನಿಂದ ಗಟರ್‌ನೊಳಕ್ಕೆ ಚಾಚಿರಬೇಕಾದ ಲೋಹದ ಪಟ್ಟಿ ಅಲ್ಲಿದೆಯೇ ಎಂದು ನೋಡಿ.

ಇನ್ನೊಂದು ಪರೀಕ್ಷೆಯನ್ನು ಬಹಳ ಮಂದಿ ಮರೆಯುತ್ತಾರೆ. ಚಾವಣಿಯ ಇಳಿಜಾರಿನ ಮೇಲೆ ನೇರವಾದ ಕೋಲೊಂದನ್ನಿಟ್ಟು ಹೊರಗೆ ಚಾಚಿ. ಗಟರ್‌ನ ಮುಂದಿನ ಅಂಚು ಆ ಕೋಲಿನ ಗೆರೆಗಿಂತ ಕೆಳಗಿರಬೇಕು. ಮೇಲಿದ್ದರೆ, ಚಾವಣಿಯಿಂದ ಜಾರಿ ಬರುವ ಹಿಮ ಗಟರ್‌ಗೆ ಡಿಕ್ಕಿ ಹೊಡೆದು ಅದನ್ನು ಕಿತ್ತುಕೊಂಡೇ ಹೋಗುತ್ತದೆ. ನುಣುಪಾದ ಲೋಹದ ಚಾವಣಿಗಳಲ್ಲಂತೂ ಹಿಮ ಇಡೀ ಹಾಳೆಯಾಗಿ ಒಮ್ಮೆಲೇ ಜಾರುತ್ತದೆ. ಅಲ್ಲಿ ಗಟರ್‌ನ ಮೇಲ್ಭಾಗದ ಚಾವಣಿಯಲ್ಲಿ ಹಿಮತಡೆಗಳನ್ನು ಕೂರಿಸದೆ ಗತ್ಯಂತರವಿಲ್ಲ.

ಕೀಲುಗಳ ಸೋರಿಕೆಗೆ ಹೊಸ ಸೀಲಂಟ್ ಹಚ್ಚುವ ಮೊದಲು ಹಳೆಯದನ್ನು ಪೂರ್ತಿ ಕೆರೆದು, ಒರೆಸಿ, ಒಣಗಿಸಿ. ಲೋಹ ಚಳಿಗೆ ಕುಗ್ಗುತ್ತದೆ ಎಂಬುದು ನೆನಪಿರಲಿ: 10 ಮೀಟರ್ ಅಲ್ಯೂಮಿನಿಯಂ ಗಟರ್ ಬೇಸಿಗೆಯ ಬಿಸಿಲಿಗೂ ಚಳಿಗಾಲದ ರಾತ್ರಿಗೂ ನಡುವಿನ 70 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 16 ಮಿ.ಮೀ. ಉದ್ದ ಬದಲಿಸುತ್ತದೆ. ಪಿವಿಸಿ ಗಟರ್ ಅದರ ಎರಡು ಪಟ್ಟಿಗೂ ಹೆಚ್ಚು, ಜೊತೆಗೆ ಚಳಿಯಲ್ಲಿ ಅದು ಪೆಡಸಾಗಿ ಒಡೆಯುತ್ತದೆ. ಆದ್ದರಿಂದ ಗಟ್ಟಿಯಾಗುವ ಸೀಲಂಟ್ ಬೇಡ, ಹಿಗ್ಗಿ ಕುಗ್ಗುವ ಗಟರ್ ಸೀಲಂಟನ್ನೇ ಬಳಸಿ. ಗಟರ್ ಬದಲಾಯಿಸುವ ಯೋಚನೆ ಇದ್ದರೆ, ಗಟ್ಟಿ ಚಳಿಯ ಜಾಗಕ್ಕೆ ಪಿವಿಸಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಳಿಪೈಪು: ಕೆಳಗಿನಿಂದ ಮೇಲಕ್ಕೆ ಕಟ್ಟಿಕೊಳ್ಳುವ ಮಂಜುಗಡ್ಡೆ

ಗಟರ್ ಶುಚಿಯಾಗಿದ್ದೂ ಇಳಿಪೈಪು ಕಟ್ಟಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಮಂಜುಗಡ್ಡೆ ಮೊದಲು ಕೂರುವುದು ಹೆಚ್ಚಾಗಿ ಪೈಪಿನ ಕೆಳಗಿನ ಮೊಣಕೈಯಲ್ಲಿ. ಹಗಲು ತೊಟ್ಟಿಕ್ಕಿದ ನೀರು ಅಲ್ಲಿ ತಿರುವಿನಲ್ಲಿ ನಿಧಾನಿಸುತ್ತದೆ, ಸಂಜೆ ಹೆಪ್ಪುಗಟ್ಟುತ್ತದೆ. ಮರುದಿನದ ನೀರು ಅದರ ಮೇಲೆ. ಹೀಗೆ ಪದರ ಪದರವಾಗಿ ಮೇಲೇರಿ ಕೊನೆಗೆ ಇಡೀ ಪೈಪು ಗಟ್ಟಿ ಕಂಬವಾಗುತ್ತದೆ, ಹೊಲಿಗೆಯ ಜಾಗದಲ್ಲಿ ಬಿರಿಯುತ್ತದೆ. ನುಣುಪು ದುಂಡು ಪೈಪಿಗಿಂತ ಸುಕ್ಕುಸುಕ್ಕಾದ ಪೈಪು ಸ್ವಲ್ಪ ಹಿಗ್ಗಲು ಅವಕಾಶ ಕೊಡುವುದರಿಂದ ಬಿರಿಯುವುದು ಕಡಿಮೆ.

ಪೈಪನ್ನು ಬೆರಳಗೆಣ್ಣಿನಿಂದ ತಟ್ಟುತ್ತಾ ಬನ್ನಿ. ಖಾಲಿ ಇರುವ ಕಡೆ ಟಣ್ ಎನ್ನುತ್ತದೆ, ಕಸ ಸಿಕ್ಕಿದ ಕಡೆ ಸದ್ದು ಮಂದವಾಗುತ್ತದೆ. ಮೇಲಿನಿಂದ ನೀರು ನುಗ್ಗಿಸಿದರೆ ಕಸ ಇನ್ನಷ್ಟು ಬಿಗಿಯಾಗಬಹುದು. ಕೆಳಗಿನ ಬಾಯಿಯಿಂದ ತೋಟದ ಪೈಪನ್ನು ತೂರಿಸಿ ಮೇಲಕ್ಕೆ ನೀರು ಹಾಯಿಸುವುದು ವಾಸಿ. ಅದಕ್ಕೂ ಜಗ್ಗದಿದ್ದರೆ ಕೊಳಾಯಿಗಾರರು ಬಳಸುವ ಸುರುಳಿ ತಂತಿ ಬೇಕು. ಮೊಣಕೈಯ ತಿರುಪುಗಳನ್ನು ಬಿಚ್ಚಿ ತೆಗೆದು ನೋಡುವುದು ಎಷ್ಟೋ ಸಲ ಇವೆಲ್ಲಕ್ಕಿಂತ ಬೇಗ ಆಗುವ ಕೆಲಸ.

ಪೈಪಿನ ಗಾತ್ರವೂ ಮುಖ್ಯ. ಎರಡು ಅಂಗುಲಕ್ಕೆ ಮೂರು ಅಂಗುಲದ ಆಯತಾಕಾರದ ಪೈಪಿನ ಬದಲು ಮೂರು ಅಂಗುಲಕ್ಕೆ ನಾಲ್ಕು ಅಂಗುಲದ್ದನ್ನು ಹಾಕಿದರೆ ಒಳವಿಸ್ತಾರ ಇಮ್ಮಡಿಯಾಗುತ್ತದೆ. ಎಲೆಯೂ ಮಂಜುಚೂರೂ ಸಿಕ್ಕಿಕೊಳ್ಳದೆ ಇಳಿಯುತ್ತವೆ. ಚಳಿಪ್ರದೇಶದಲ್ಲಿ ಒಂದೇ ಒಂದು ಸುಧಾರಣೆಗೆ ಹಣವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ನೆಲದೊಳಗಿನ ಪೈಪಿಗೆ ಇಳಿಪೈಪನ್ನು ಜೋಡಿಸಿದ್ದರೆ ಒಂದು ಎಚ್ಚರ. ಆ ಪೈಪು ಮೇಲ್ಪದರದ ಮಣ್ಣಿನಲ್ಲೇ ಸಾಗುತ್ತಿದ್ದರೆ, ಅಥವಾ ಅದರ ಹೊರಬಾಯಿ ಹಿಮದಡಿ ಹೂತುಹೋಗುವಂತಿದ್ದರೆ, ಅದು ನೆಲದಲ್ಲೇ ಹೆಪ್ಪುಗಟ್ಟಿ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಚಳಿಗಾಲದ ಮಟ್ಟಿಗೆ ನೆಲಮಟ್ಟದಲ್ಲಿ ಜೋಡಣೆ ಬಿಡಿಸಿ, ಮೇಲೆಯೇ ಹೊರಕ್ಕೆ ಹರಿಯುವ ಚಾಚುಪೈಪು ಹಾಕಿ. ಮಳೆನೀರಿನ ಪೀಪಾಯಿ ಇದ್ದರೆ ಅದನ್ನೂ ಬಿಡಿಸಿ, ಬರಿದು ಮಾಡಿ, ಬೋರಲು ಹಾಕಿಡಿ. ಬಿಡಿಸಿದ ಜಾಗದಲ್ಲಿ ಇಳಿಪೈಪಿನ ಕೆಳತುಂಡನ್ನು ಮತ್ತೆ ಜೋಡಿಸಲು ಮರೆಯದಿರಿ. ಪೀಪಾಯಿ ತೆಗೆದು ಪೈಪನ್ನು ಗೋಡೆಯ ಪಕ್ಕದಲ್ಲೇ ಬಾಯಿ ತೆರೆದು ಬಿಟ್ಟ ಮನೆಗಳು ಕಡಿಮೆಯೇನಲ್ಲ.

ನೀರು ಎಲ್ಲಿಗೆ ಹೋಗುತ್ತದೆ

ಇಳಿಪೈಪಿನ ನೀರು ಅಡಿಪಾಯದಿಂದ ಕನಿಷ್ಠ 1.5 ರಿಂದ 2 ಮೀಟರ್ ದೂರ ಬೀಳಬೇಕು. ನೆಲಮಾಳಿಗೆ ಇದ್ದರೆ 3 ಮೀಟರ್ ಇನ್ನೂ ಒಳ್ಳೆಯದು. ನೆಲವೂ ಮನೆಯಿಂದ ಹೊರಕ್ಕೆ ಇಳಿಜಾರಾಗಿರಲಿ, ಮೊದಲ 3 ಮೀಟರಿನಲ್ಲಿ 15 ಸೆಂ.ಮೀ.ನಷ್ಟು. ನೀರು ಕುಡಿದ ಮಣ್ಣು ಹೆಪ್ಪುಗಟ್ಟಿದಾಗ ಉಬ್ಬಿ ಅಡಿಪಾಯವನ್ನೂ ಮೆಟ್ಟಿಲನ್ನೂ ತಳ್ಳುತ್ತದೆ. ಆದರೆ ದೂರ ಹಾಕುವ ಭರದಲ್ಲಿ ನಡೆದಾಡುವ ದಾರಿಗೆ ಅಡ್ಡವಾಗಿ ನೀರು ಬಿಡಬೇಡಿ. ಹಗಲು ಹರಿದ ತೆಳುನೀರು ರಾತ್ರಿ ಗಾಜಿನ ಹಾಳೆಯಾಗುತ್ತದೆ, ಬೆಳಗ್ಗೆ ಮೊದಲು ಹೊರಗೆ ಹೆಜ್ಜೆ ಇಡುವವರು ಬೀಳುತ್ತಾರೆ.

ಅಟ್ಟ: ಮಂಜುಗಡ್ಡೆಯ ಕಾರ್ಖಾನೆ

ಗಟರ್‌ನ ಮೇಲೆ ದಪ್ಪ ಮಂಜುಗಡ್ಡೆಯ ಒಡ್ಡು, ಅದರಿಂದ ಇಳಿಬಿದ್ದ ಉದ್ದುದ್ದ ಕೋಲುಗಳು ಕಂಡ ಕೂಡಲೇ ಜನ ಗಟರ್ ಅನ್ನು ಬೈಯುತ್ತಾರೆ, ಕೆಲವರು ಕಿತ್ತೇ ಹಾಕಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಇದು. ಗಟರ್ ಇಲ್ಲದ ಮನೆಗಳಲ್ಲೂ ಈ ಒಡ್ಡು ಕಟ್ಟುತ್ತದೆ.

ನಡೆಯುವುದು ಇಷ್ಟು. ಮನೆಯೊಳಗಿನ ಬಿಸಿಗಾಳಿ ಒಳಮಾಡಿನ ಸಂದುಗಳಿಂದ ಅಟ್ಟಕ್ಕೆ ನುಸುಳಿ ಚಾವಣಿಯ ಹಲಗೆಗಳನ್ನು ಬೆಚ್ಚಗಾಗಿಸುತ್ತದೆ. ಮೇಲೆ ಕೂತ ಹಿಮದ ಹೊದಿಕೆ ಆ ಶಾಖ ಹೊರಹೋಗದಂತೆ ತಡೆಯುತ್ತದೆ. ಹೊರಗಿನ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಗಿದ್ದರೂ ಹಿಮ ಅಡಿಯಿಂದ ಕರಗುತ್ತದೆ. ಕರಗಿದ ನೀರು ಕೆಳಗೆ ಹರಿದು ಗೋಡೆಯಿಂದಾಚೆ ಚಾಚಿದ ಸೂರಿಗೆ ಬರುತ್ತದೆ. ಅಲ್ಲಿ ಅಡಿಯಲ್ಲಿ ಬೆಚ್ಚಗಿನ ಮನೆಯಿಲ್ಲ, ತಣ್ಣನೆಯ ಗಾಳಿ ಮಾತ್ರ. ನೀರು ಹೆಪ್ಪುಗಟ್ಟುತ್ತದೆ, ಒಡ್ಡು ಬೆಳೆಯುತ್ತದೆ, ಅದರ ಹಿಂದೆ ನೀರು ನಿಂತು ಶಿಂಗಲ್ಸ್ ಅಡಿಗೆ ನುಗ್ಗಿ ಒಳಮಾಡಿನಿಂದ ತೊಟ್ಟಿಕ್ಕುತ್ತದೆ. ಕಸ ತುಂಬಿದ ಗಟರ್ ಈ ಒಡ್ಡಿಗೆ ಬುನಾದಿ ಒದಗಿಸುತ್ತದೆ, ಹುಟ್ಟಿಸುವುದಿಲ್ಲ.

ನಿಮ್ಮ ಮನೆಯ ಸ್ಥಿತಿ ತಿಳಿಯಲು ಉಪಕರಣ ಬೇಕಿಲ್ಲ. ತೆಳುವಾಗಿ ಹಿಮ ಬಿದ್ದ ಮರುದಿನ ಬೆಳಗ್ಗೆ ಬಿಸಿಲೇರುವ ಮುನ್ನ ಬೀದಿಯಿಂದ ಚಾವಣಿ ನೋಡಿ. ಹಿಮ ಸಮವಾಗಿ ಕೂತಿದ್ದರೆ ಅಟ್ಟ ತಣ್ಣಗಿದೆ. ಅಲ್ಲಲ್ಲಿ ಬೋಳಾಗಿದ್ದರೆ ಆ ಬೋಳಿನ ಅಡಿಯಲ್ಲೇ ಶಾಖ ಸೋರುತ್ತಿದೆ. ಬಿಸಿ ಮಾಡದ ಗ್ಯಾರೇಜಿನ ಚಾವಣಿಯೊಂದಿಗೆ ಹೋಲಿಸಿದರೆ ಇನ್ನೂ ಸ್ಪಷ್ಟ.

ರಿಪೇರಿಯ ಅನುಕ್ರಮ ಮುಖ್ಯ: ಮೊದಲು ಗಾಳಿಯ ಸಂದುಗಳನ್ನು ಮುಚ್ಚಿ, ಆಮೇಲೆ ಶಾಖನಿರೋಧಕವನ್ನು ಹೆಚ್ಚಿಸಿ. ಅಟ್ಟದ ಬಾಗಿಲ ಅಂಚು, ವಿದ್ಯುತ್ ತಂತಿ ಮತ್ತು ಕೊಳಾಯಿ ಪೈಪು ಹಾಯ್ದ ರಂಧ್ರಗಳು, ಒಳಮಾಡಿನಲ್ಲಿ ಹುದುಗಿಸಿದ ದೀಪಗಳು, ಇವು ಸಾಮಾನ್ಯ ಕಳ್ಳದಾರಿಗಳು. ಸ್ನಾನದ ಮನೆಯ ಫ್ಯಾನ್ ಹಬೆಯನ್ನು ಹೊರಗೆ ಬಿಡದೆ ಅಟ್ಟದೊಳಕ್ಕೇ ಬಿಡುತ್ತಿದ್ದರೆ ಅದನ್ನು ಇವತ್ತೇ ಸರಿಪಡಿಸಿ, ಶಾಖದ ಜೊತೆ ತೇವವೂ ಸೇರಿ ಹಲಗೆಗಳಿಗೆ ಬೂಷ್ಟು ಹಿಡಿಯುತ್ತದೆ. ಹೊಗೆಗೂಡಿನ ಸುತ್ತ ಮಾತ್ರ ಸಾಮಾನ್ಯ ಫೋಮ್ ತುಂಬಬಾರದು. ಅಲ್ಲಿ ಲೋಹದ ಪಟ್ಟಿ ಮತ್ತು ಬೆಂಕಿ ತಾಳುವ ಸೀಲಂಟ್ ಬೇಕು. ಶಾಖನಿರೋಧಕವನ್ನು ಸೂರಿನ ಅಡಿಯ ಗಾಳಿಕಿಂಡಿಗಳವರೆಗೆ ತುರುಕಿ ಅವುಗಳನ್ನು ಮುಚ್ಚಿಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಆ ಕಿಂಡಿಗಳಿಂದ ತಣ್ಣನೆಯ ಗಾಳಿ ಒಳಬಂದು ಮೇಲಿನಿಂದ ಹೊರಹೋಗುತ್ತಿದ್ದರೆ ಚಾವಣಿ ತಂಪಾಗಿರುತ್ತದೆ.

ನಡುಚಳಿಗಾಲದಲ್ಲಿ

ಹಿಮ ದಪ್ಪಗೆ ಬಿದ್ದಾಗಲೆಲ್ಲ ಉದ್ದ ಹಿಡಿಯ ಹಿಮಬಾಚಣಿಗೆಯಿಂದ, ನೆಲದ ಮೇಲೆ ನಿಂತೇ, ಸೂರಿನಿಂದ ಮೇಲಕ್ಕೆ ಒಂದೂಕಾಲು ಮೀಟರಿನಷ್ಟು ಹಿಮವನ್ನು ಎಳೆದುಹಾಕಿ. ಶಿಂಗಲ್ಸ್ ತಾಗುವವರೆಗೆ ಕೆರೆಯಬೇಡಿ, ತೆಳು ಪದರ ಉಳಿದರೆ ಅಡ್ಡಿಯಿಲ್ಲ. ಬೀಳುವ ಹಿಮದ ನೇರಕ್ಕೆ ನಿಲ್ಲಬೇಡಿ.

ಒಡ್ಡು ಕಟ್ಟಿಯೇಬಿಟ್ಟರೆ ಕೊಡಲಿ, ಸುತ್ತಿಗೆ, ಗ್ಯಾಸ್ ಜ್ವಾಲೆ ಯಾವುದೂ ಬೇಡ. ಚಳಿಗೆ ಪೆಡಸಾದ ಶಿಂಗಲ್ಸ್ ಮಂಜುಗಡ್ಡೆಗಿಂತ ಮೊದಲು ಒಡೆಯುತ್ತದೆ. ಉದ್ದ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಹರಳುಗಳನ್ನು ತುಂಬಿ, ಒಡ್ಡಿಗೆ ಅಡ್ಡಲಾಗಿ, ತುದಿ ಗಟರ್‌ನಾಚೆ ಇಳಿಯುವಂತೆ ಇಟ್ಟರೆ ಅದು ಕರಗಿಸುತ್ತಾ ಹೋಗಿ ನೀರಿಗೊಂದು ಕಾಲುವೆ ಬಿಡಿಸಿಕೊಡುತ್ತದೆ. ಕೈಗೆಟುಕುವ ತಗ್ಗು ಸೂರಿಗಷ್ಟೇ ಈ ಉಪಾಯ. ಕಲ್ಲುಪ್ಪು ಬೇಡ: ಸುಮಾರು ಮೈನಸ್ 9 ಡಿಗ್ರಿಯಿಂದ ಕೆಳಗೆ ಅದು ಹೆಚ್ಚು ಕೆಲಸ ಮಾಡುವುದಿಲ್ಲ, ಲೋಹವನ್ನು ತಿನ್ನುತ್ತದೆ, ಕೆಳಗಿನ ಗಿಡಗಳನ್ನು ಕೊಲ್ಲುತ್ತದೆ. ಎತ್ತರದ ಚಾವಣಿಗೆ ಹಬೆಯಿಂದ ಮಂಜುಗಡ್ಡೆ ಕತ್ತರಿಸುವ ಪರಿಣತರನ್ನು ಕರೆಯಿರಿ. ಒಳಗೆ ಆಗಲೇ ನೀರು ತೊಟ್ಟಿಕ್ಕುತ್ತಿದ್ದರೆ ಆ ಕೋಣೆಯ ದೀಪದ ವಿದ್ಯುತ್ತನ್ನು ಮೊದಲು ಕಡಿಯಿರಿ. ಅಟ್ಟದಲ್ಲಿ ಸೋರುವ ಜಾಗದತ್ತ ಟೇಬಲ್ ಫ್ಯಾನ್ ತಿರುಗಿಸಿ ತಣ್ಣನೆಯ ಗಾಳಿ ಹಾಯಿಸಿದರೆ ಸೋರುವ ನೀರು ಅಲ್ಲೇ ಹೆಪ್ಪುಗಟ್ಟಿ ತಾತ್ಕಾಲಿಕವಾಗಿ ನಿಲ್ಲುತ್ತದೆ.

ವಿದ್ಯುತ್ತಿನಿಂದ ಬಿಸಿಯಾಗಿ ಮಂಜುಗಡ್ಡೆ ಕರಗಿಸುವ ಬಿಸಿಕೇಬಲ್ ಬಗ್ಗೆ ಕೇಳುವವರು ಬಹಳ. ಅಟ್ಟವನ್ನು ಸರಿಪಡಿಸಲಾಗದ ಮನೆಗಳಿಗೆ, ನೆರಳಲ್ಲೇ ಇರುವ ಉತ್ತರದ ಸೂರಿಗೆ ಅದು ಉಪಯುಕ್ತ. ರೋಗ ವಾಸಿ ಮಾಡುವುದಿಲ್ಲ, ನೋವು ತಡೆಯುತ್ತದೆ. ಹಾಕಿಸುವುದಾದರೆ ಸೂರಿನ ಮೇಲೆ ಅಂಕುಡೊಂಕಾಗಿ, ಗಟರ್‌ನ ಉದ್ದಕ್ಕೂ, ಇಳಿಪೈಪಿನ ಕೆಳಬಾಯಿಯವರೆಗೂ ಇರಬೇಕು. ಗಟರ್‌ನಲ್ಲಿ ಕರಗಿಸಿ ಪೈಪಿನಲ್ಲಿ ಬಿಟ್ಟರೆ ನೀರೆಲ್ಲ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ತಾನೇ ತಾಪ ಹೊಂದಿಸಿಕೊಳ್ಳುವ ಬಗೆಯ ಕೇಬಲನ್ನು ಆರಿಸಿ, ಆರ್‌ಸಿಡಿ ಅಥವಾ ಜಿಎಫ್‌ಸಿಐ ಎಂದು ಕರೆಯುವ ಸೋರಿಕೆ ರಕ್ಷಕದ ಮೂಲಕವೇ ವಿದ್ಯುತ್ ಕೊಡಿ. ಮೀಟರಿಗೆ 20 ವಾಟ್‌ನ 30 ಮೀಟರ್ ಕೇಬಲ್ ಹತ್ತು ಗಂಟೆ ಉರಿದರೆ 6 ಯೂನಿಟ್. ಅದು ಹಿಮ ಬೀಳುವ ಮೊದಲೇ ಚಾಲೂ ಆಗಬೇಕು. ಒಡ್ಡು ಬೆಳೆದ ಮೇಲೆ ಸ್ವಿಚ್ ಒತ್ತಿದರೆ ಮಂಜುಗಡ್ಡೆಯೊಳಗೆ ಸುರಂಗ ಕೊರೆಯುವುದಷ್ಟೇ ಅದರಿಂದ ಸಾಧ್ಯ.

ಗಟರ್ ಮುಚ್ಚಳಗಳ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ. ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಎಲೆ ತಡೆಯುತ್ತದೆ ನಿಜ, ಆದರೆ ಅದರ ಮೇಲೆಯೇ ಮಂಜು ಕಟ್ಟಿ ನೀರು ಮುಂದಕ್ಕೆ ಹಾರುತ್ತದೆ. ಗಟರ್‌ನೊಳಗೆ ತುಂಬುವ ಸ್ಪಂಜಿನಂಥ ಫೋಮ್ ನೀರು ಹಿಡಿದುಕೊಂಡು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಚಳಿಪ್ರದೇಶಕ್ಕೆ ಅದು ಸಲ್ಲದು. ಯಾವ ಮುಚ್ಚಳ ಹಾಕಿದರೂ ವರ್ಷಕ್ಕೊಮ್ಮೆ ತೆಗೆದು ನೋಡುವುದು ತಪ್ಪುವುದಿಲ್ಲ.

ಹಿಮ ಕರಗಿದ ಮೇಲೆ

ವಸಂತದ ಮೊದಲ ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಯ ಸುತ್ತ ಒಮ್ಮೆ ನಡೆಯಿರಿ. ಎಲ್ಲಿ ನೀರು ಅಂಚು ದಾಟಿ ಸುರಿಯುತ್ತದೆ, ಎಲ್ಲಿ ಗಟರ್‌ನ ಹಿಂದಿನಿಂದ ಗೋಡೆಗಿಳಿಯುತ್ತದೆ, ಯಾವ ಪೈಪಿನ ಹೊಲಿಗೆಯಿಂದ ಚಿಮ್ಮುತ್ತದೆ ಎಂಬುದು ಏಣಿ ಹತ್ತದೆಯೇ ತಿಳಿಯುತ್ತದೆ. ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಒಣಹವೆ ಬಂದಾಗ ಆ ಜಾಗ ಹುಡುಕುವುದು ಕಷ್ಟ. ಚಳಿಗಾಲಕ್ಕೆಂದು ಬಿಡಿಸಿದ ನೆಲದ ಪೈಪು ಮತ್ತು ಪೀಪಾಯಿಯನ್ನು ಮತ್ತೆ ಜೋಡಿಸುವ ಮೊದಲು ಕೊನೆಯ ಹೆಪ್ಪುಚಳಿ ಕಳೆದಿದೆ ಎಂದು ಖಚಿತಪಡಿಸಿಕೊಳ್ಳಿ, ಬಿಸಿಕೇಬಲ್‌ನ ವಿದ್ಯುತ್ ಕಡಿದು ಅದರ ಮೇಲ್ಪದರ ಎಲ್ಲಾದರೂ ಸುಲಿದಿದೆಯೇ ಎಂದೂ ಆಗಲೇ ನೋಡಿ.